ಕಪ್ಪು ಬಳಿದ ಕಡತ

ಆಸ್ಪರಿ ಮಂಡಲ
೯ ಅಕ್ಟೋಬರ್ ೨೦೨೫, ಗುರುವಾರ

ಪ್ರೀತಿಯ ಶಿವಲಕ್ಷ್ಮಿ,

ಹೇಗಿದ್ದೀಯ? ಮೊಣಕಾಲಿನ ಬಾವು ಇಳಿಯಿತೇ? ನಿನ್ನ ಕಾಗದ ಬಂದ ಮೇಲೆ ಶ್ರಾವಣ ಕಳೆಯಿತು, ದಸರೆಯೂ ಮುಗಿಯಿತು. ನಾನು ಒಂದು ಸಾಲು ಉತ್ತರ ಬರೆಯಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ದಿನಾ ನಾಲ್ಕು ಸಾಲು ದಿನಚರಿ ಬರೆಯುವ ನನ್ನ ಚಾಳಿ ನಿನಗೆ ಗೊತ್ತಲ್ಲ, ಚಂದ್ರ ಹೋದ ಮೇಲೆ ಅದೂ ನಿಂತುಹೋಗಿದೆ. ಪೆನ್ನು ಹಿಡಿದು ತಾರೀಖು ಹಾಕುತ್ತೇನೆ. ಇವತ್ತು ಏನು ನಡೆಯಿತು ಎಂದು ಕೇಳಿಕೊಂಡರೆ, ಮಗ ಇರಲಿಲ್ಲ ಎನ್ನುವುದು ಬಿಟ್ಟು ಬೇರೇನೂ ತೋಚುವುದಿಲ್ಲ. ಪುಸ್ತಕ ಮುಚ್ಚಿಡುತ್ತೇನೆ.

ಈಗ ಬರೆಯುತ್ತಿರುವುದು ಜೀವ ತಡೆಯದೆ. ಫೋನು ಮಾಡೋಣವೆಂದರೆ ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸುತ್ತದೆ, ನಿನ್ನ ಕಿವಿಗೆ ಮಾತ್ರ ಕೇಳಿಸುವುದಿಲ್ಲ. ನರಸಪ್ಪಮಾವ ನಾಳೆ ಸಿರಿಗುಪ್ಪದ ಮಗಳ ಮನೆಗೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಭಾನುವಾರ ಅವರು ಊರಿಗೆ ಹೊರಡುವುದರೊಳಗೆ ನೀನು ಉತ್ತರ ಕೊಟ್ಟು ಕಳಿಸಬೇಕು. ಅಷ್ಟು ಮಾಡು ತಾಯಿ.

ನಮ್ಮ ಮನೆಯ ಕಡತ ಅಳಿಸಿಹೋಯಿತು. ಒಂದು ಅಕ್ಷರ ಉಳಿದಿಲ್ಲ.

ನಿನಗೆ ಈಗ ಕೈ ನಡುಗುತ್ತದೆ, ಮೊಮ್ಮಗಳು ಸುಷ್ಮಿತಾಳಿಂದ ಉತ್ತರ ಬರೆಸುತ್ತೀಯ. ಈ ಕಾಲದ ಹುಡುಗಿ, ಆಕೆಗೆ ಮೊದಲು ತಿಳಿಸಿ ಹೇಳು. ಬಟ್ಟೆಗೆ ಹುಣಸೆಬೀಜದ ಅಂಬಲಿ, ಇದ್ದಿಲ ಪುಡಿ ಹಚ್ಚಿ ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಹಗರಿ ಹೊಳೆ ದಾಟಿ ಕುರಿಗಳ ಜೊತೆ ಮೊದಲು ಬಂದ ಮನೆಗಳು ಯಾವುವು, ಊರ ಬಾವಿ ತೋಡಿದವರು ಯಾರು, ಪ್ಲೇಗಿನ ವರ್ಷ ಊರು ಬಿಟ್ಟು ಗುಡಿಸಲಲ್ಲಿದ್ದಾಗ ಯಾರ ಮನೆಯ ಜೋಳದಲ್ಲಿ ಯಾರು ಬದುಕಿದರು, ಎಲ್ಲ ಅದರಲ್ಲಿತ್ತು. ಬಳಪ ಮಾಸುತ್ತದೆ. ಅದಕ್ಕೇ ವರ್ಷಕ್ಕೆ ಒಂದು ಮಡಿಕೆಯನ್ನು ಕಾಗದಕ್ಕೆ ಇಳಿಸಿಕೊಳ್ಳುವುದು, ಮಹಾನವಮಿಯ ಬೆಳಗ್ಗೆ ಆ ಮಡಿಕೆಗೆ ಮಾತ್ರ ಗರಗದ ಸೊಪ್ಪಿನ ರಸದಲ್ಲಿ ಇದ್ದಿಲು ಕಲಸಿ ಬಳಿಯುವುದು, ಮರುದಿನ ದಶಮಿಗೆ ಅದನ್ನೇ ಹೊಸದಾಗಿ ಬರೆಯುವುದು. ಬರೆದಾದ ಮೇಲೆ ಕಾಗದ ಒಲೆಗೆ. "ಎರಡು ಕಡತ ಆದ್ರ ಎರಡು ಊರು ಆಗ್ತಾವು" ಎಂದು ನಮ್ಮ ಮಾವ ಹೇಳುತ್ತಿದ್ದರು. ಆ ಮಾತಿಗೆ ಕಟ್ಟುಬಿದ್ದು ಯಾರೂ ನಕಲು ಇಟ್ಟುಕೊಳ್ಳಲಿಲ್ಲ. ಚಂದ್ರ ಮಾತ್ರ ಫೋನಿನಲ್ಲಿ ಫೋಟೋ ತೆಗೆದಿದ್ದ. ಕುರಿಗಳಿಗೆ ಲಸಿಕೆ ಹಾಕಲು ಹೋದಲ್ಲೆಲ್ಲ ಅದನ್ನು ಜನರಿಗೆ ತೋರಿಸುತ್ತಿದ್ದನಂತೆ. ಚೈತ್ರದಲ್ಲಿ ಆಸ್ಪರಿ ರಸ್ತೆಯ ಮೇಲೆ ಹತ್ತಿ ಲಾರಿಯ ಕೆಳಗೆ ಅವನೂ ಹೋದ, ಫೋನೂ ಹೋಯಿತು.

ಕೊನೆಯ ಮಡಿಕೆ ನಿನಗೆ ಚೆನ್ನಾಗಿ ನೆನಪಿರಬೇಕು. ಮಕ್ಕಳಿಲ್ಲದೆ ಸತ್ತವರ ಹೆಸರು. ಮಗನೋ ಮಗಳೋ ಇದ್ದರೆ ಅವರ ಬಾಯಲ್ಲಿ ಹೆಸರು ಉಳಿಯುತ್ತದೆ, ಇಲ್ಲದವರ ಹೆಸರನ್ನು ಊರೇ ವರ್ಷಕ್ಕೊಮ್ಮೆ ಹೇಳಬೇಕು ಎಂದು ನಡೆದು ಬಂದದ್ದು. ಮಹಾನವಮಿಯ ಸಂಜೆ ಆಂಜನೇಯನ ಗುಡಿಕಟ್ಟೆಯ ಮೇಲೆ ಆ ಮಡಿಕೆ ಓದುವಾಗ ಎಲ್ಲರೂ ಎದ್ದು ನಿಲ್ಲುತ್ತಿದ್ದೆವಲ್ಲ. ಈ ಸಲ ಮಹಾಲಯ ಅಮಾವಾಸ್ಯೆಯ ದಿನ ಅದರಲ್ಲಿ ಚಂದ್ರನ ಹೆಸರು ಬರೆದೆ. ಬರೆಯಲು ಮನೆಯಲ್ಲಿ ಇನ್ನು ಯಾರಿದ್ದಾರೆ? ಏಳನೇ ಕ್ಲಾಸಿನ ನನ್ನ ಅಕ್ಷರವೇ ಗತಿಯಾಯಿತು. ಮದುವೆಯಾಗಿ ಎರಡು ವರ್ಷ ತುಂಬಿರಲಿಲ್ಲ, ಮಗು ಇರಲಿಲ್ಲ. ಆ ಮಡಿಕೆ ಬಿಟ್ಟರೆ ಅವನಿಗೆ ಬೇರೆ ಜಾಗವಿಲ್ಲ ಎಂದುಕೊಂಡೆ.

ಕಡತಕ್ಕೆ ಕಪ್ಪು ಬಳಿಯುವುದು ಮನೆಯ ಸೊಸೆಯ ಕೆಲಸ. ನಾನೂ ಮಾಡಿದ್ದೇನೆ, ಅಂಗೈ ತಿಂಗಳಾನುಗಟ್ಟಲೆ ಕಪ್ಪಾಗಿರುತ್ತಿತ್ತು. ಈ ಸಲ ಇಳಿಸಿಕೊಂಡ ಮಡಿಕೆಯನ್ನು ಚಂದ್ರನ ಹೆಂಡತಿ ಶ್ರಾವಣಿಗೆ ತೋರಿಸಿ, "ಇದೊಂದೇ ನೋಡವ್ವ" ಎಂದು ಹೇಳಿ ಗುಡಿಗೆ ಹೋದೆ. ದೇವನಕೊಂಡದ ಹುಡುಗಿ, ಓದಿದ್ದೆಲ್ಲ ತೆಲುಗು ಶಾಲೆಯಲ್ಲಿ. ನಾನು ತಿರುಗಿ ಬರುವಷ್ಟರಲ್ಲಿ ಕಡತವನ್ನು ಒಣಗಿಸಿ, ಮಡಚಿ, ಕಂಬಳಿಯಲ್ಲಿ ಸುತ್ತಿ, ಚೆಂಡುಹೂವು ಏರಿಸಿ ದೇವರ ಮುಂದೆ ಇಟ್ಟಿದ್ದಳು. ಎಷ್ಟು ಅಚ್ಚುಕಟ್ಟು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಸಂಜೆ ಕಟ್ಟೆಯ ಮೇಲೆ ನರಸಪ್ಪಮಾವ ಓದಲು ಕುಳಿತರು. ಮೊದಲ ಮಡಿಕೆ ಬಿಚ್ಚಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಎರಡನೆಯದು ಬಿಚ್ಚಿದರು.

"ಶಾಂತಕ್ಕ, ಇದೇನಬೇ? ನನ್ನ ಕಣ್ಣು ಹೋಗ್ಯಾವೋ, ಅಕ್ಷರ ಹೋಗ್ಯಾವೋ?"

ಸುಂಕೇಶ ಹಿಂದಿನಿಂದ, "ಕರೆಂಟ್ ಹೋದಂಗ ಐತಲ್ಲ ಮಾವಾ, ಫೋನಿನ ಲೈಟ್ ಹಾಕ್ಲೇನು?" ಎಂದ. ಸುಂಕೇಶ ಯಾರು ಗೊತ್ತಾಯಿತಲ್ಲ, ನಿಮ್ಮ ಓಣಿಯ ದೊಡ್ಡಮನೆಯವರ ಮೊಮ್ಮಗ, ಈಗ ಊರಲ್ಲಿ ಅವನದೇ ನಡೆಯುವುದು. ಜನ ನಕ್ಕರು. ಮಾವ ಕಡತವನ್ನು ಉದ್ದಕ್ಕೆ ಬಿಟ್ಟು ಎತ್ತಿ ಹಿಡಿದರು. ತುದಿಯಿಂದ ತುದಿಗೆ ಕಪ್ಪು.

"ಎಲ್ಲಾ ಬಳದಿ ಏನಬೇ?" ಎಂದು ಮಾವ ಶ್ರಾವಣಿಯನ್ನು ಕೇಳಿದರು.

"ಹಬ್ಬ ಅಲ್ಲೇನ್ರಿ, ಪೂರ್ತಿ ಬಳಿದ್ರ ಚಂದ ಕಾಣ್ತದ ಅನ್ಕೊಂಡೆ. ನನಗ ತಿಳೀಲಿಲ್ಲ ಮಾವಾ. ನಿಜಂಗಾ ತೆಲೀದು."

ಕೊಂಡಮ್ಮ ಎದ್ದು ಬಂದಳು. ಆಕೆಯ ಅಣ್ಣನ ಹೆಸರು ಕೊನೆಯ ಮಡಿಕೆಯಲ್ಲಿತ್ತು, ಅದನ್ನು ಕೇಳಲೆಂದೇ ಪ್ರತಿ ವರ್ಷ ಗೋನೆಗಂಡ್ಲದಿಂದ ಬಸ್ಸು ಹಿಡಿದು ಬರುತ್ತಾಳೆ. "ತೆಲುಗು ಸಾಲಿ ಕಲ್ತಾಕಿ ಕೈಯಾಗ ಕಡತ ಕೊಟ್ಟೀರಿ, ಕುರಿ ಕಾಯೋಕ ತೋಳ ಇಟ್ಟಂಗ" ಎಂದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನಮ್ಮಣ್ಣ ಸತ್ತಾಗ ನಾ ಸಣ್ಣಾಕಿ ಶಾಂತಕ್ಕ, ಅಳು ಬಂದಿರಲಿಲ್ಲ. ಇವತ್ತು ಬಂತು ನೋಡು" ಎಂದು ಅಲ್ಲೇ ಕುಳಿತುಬಿಟ್ಟಳು. ಆಕೆ ಇನ್ನೂ ಊರಿಗೆ ಹೋಗಿಲ್ಲ. ದಿನಾ ಬೆಳಗ್ಗೆ ಬಂದು ನಮ್ಮ ಹೊಸ್ತಿಲ ಮೇಲೆ ಕುಳಿತುಕೊಳ್ಳುತ್ತಾಳೆ.

ಗುಡಿಕಟ್ಟೆಯಿಂದ ಮನೆಗೆ ಬರುವ ದಾರಿಯಲ್ಲಿ ಶ್ರಾವಣಿಯನ್ನು ಯಾರೂ ಮಾತನಾಡಿಸಲಿಲ್ಲ. ಒಬ್ಬಳು, "ಗಂಡನ್ನೂ ಅಳಿಸಿದ್ಲು, ಊರನ್ನೂ ಅಳಿಸಿದ್ಲು" ಎಂದದ್ದು ನನ್ನ ಕಿವಿಗೆ ಬಿತ್ತು. ಆಕೆಯ ಕಿವಿಗೂ ಬಿದ್ದಿರಬೇಕು.

ನಾನು ಮಾಡದೆ ಬಿಟ್ಟದ್ದಿಲ್ಲ. ಕಡತವನ್ನು ಅಂಗಳದಲ್ಲಿ ಹಾಸಿ ಇಳಿಬಿಸಿಲಿಗೆ ಓರೆ ಹಿಡಿದು ನೋಡಿದೆ, ಬಳಪ ಕೊರೆದ ಗೆರೆ ಕಂಡೀತೇ ಎಂದು. ಒದ್ದೆ ಬಟ್ಟೆಯಲ್ಲಿ ಒಂದು ಮೂಲೆಯ ಮೇಲ್ಗಪ್ಪು ಒರೆಸಿದೆ, ಬಟ್ಟೆಯ ನೂಲೇ ಎದ್ದು ಬಂತು. ಒಂದರ ಮೇಲೊಂದು ಮೂರು ಸಲ ಬಳಿದಿದ್ದಾಳೆ. ಊರ ಹಿರಿಯರನ್ನು ಕೂಡಿಸಿ ನೆನಪಿದ್ದನ್ನು ಹೇಳಿ ಎಂದೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ಸುಂಕೇಶ ಕುರ್ಚಿ ಎಳೆದುಕೊಂಡು, "ಹೆಂಗೂ ಖಾಲಿ ಐತಿ ಅತ್ತಿ. ಬಾವಿ ತೋಡ್ಸಿದ್ದು ನಮ್ಮ ಮುತ್ತಾತ ಅಂತ ಬರಕೊಳ್ರಿ, ಯಾರ್ ಕೇಳ್ತಾರ?" ಎಂದ.

ನರಸಪ್ಪಮಾವ ಬಿಡಲಿಲ್ಲ. "ನಿಮ್ಮ ಮುತ್ತಾತ ಬಾವಿ ತೋಡಿಲ್ಲಪಾ, ಬಾವ್ಯಾಗ ಬಿದ್ದಿದ್ದ. ತೋಡಿದವರು ಹಗ್ಗ ಬಿಟ್ಟು ಎತ್ಯಾರ. ಅದೂ ಕಡತದಾಗಿತ್ತು."

"ತೋರಸ್ರಿ ಹಂಗಾರ."

ಮಾವ ಏನು ತೋರಿಸುತ್ತಾರೆ? ಉಚ್ಚೀರಪ್ಪ ಇದ್ದಿದ್ದರೆ ಇಂಥ ಮಾತು ಹುಟ್ಟುತ್ತಿರಲಿಲ್ಲ ಎಂದು ನಮ್ಮ ಮನೆಯವರನ್ನು ನೆನೆದು ಎದ್ದು ಹೋದರು. ಅವರು ತೀರಿಕೊಂಡ ಮೇಲೆ ಚಂದ್ರನಿದ್ದ, ಅವನ ನಂತರ ನಾನು. ನನ್ನ ಕೈಯಲ್ಲಿ ಹೀಗಾಯಿತು.

ಸೋಮವಾರ ಆದೋನಿಯಿಂದ ದೇವದಾಸ್ ಎಂಬವರು ಬರುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಳ್ಳೆಯ ಮನುಷ್ಯ. ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಆಮೇಲೆ ಕರ್ನೂಲಿಗೆ ಸೇರಿದ ಊರುಗಳ ಚರಿತ್ರೆಯನ್ನು ಪುಸ್ತಕ ಮಾಡುತ್ತಿದ್ದಾರೆ. ಚಂದ್ರ ಇದ್ದಾಗಲೇ ಅವರಿಗೆ ಮಾತು ಕೊಟ್ಟಿದ್ದ. ಕಡತ ಹೋಯಿತೆಂದು ಫೋನಿನಲ್ಲಿ ಹೇಳಿದೆ. "ಅಮ್ಮಾ, ಹಳೆಯ ಗೆಜೆಟಿಯರಿನಲ್ಲಿ ನಿಮ್ಮೂರಿಗೆ ಒಂದೇ ಸಾಲು ಇದೆ, ಇಷ್ಟು ಮನೆ, ಇಷ್ಟು ಜನ ಅಂತ. ಪುಸ್ತಕ ಈ ತಿಂಗಳೇ ಅಚ್ಚಿಗೆ ಹೋಗುತ್ತದೆ. ಕಡತ ಕೇಳಿ ನೆನಪಿಟ್ಟವರು ಬೇರೆ ಬೇರೆಯಾಗಿ ಹೇಳಿದ್ದು ಒಂದಕ್ಕೊಂದು ಹೊಂದಿದರೆ ಹಾಗೆಂದೇ ಬರೆದು ಹಾಕುತ್ತೇನೆ. ಹೊಂದದಿದ್ದರೆ ಆ ಒಂದು ಸಾಲೇ" ಎಂದರು.

ಉಳಿದಿರುವುದು ನಾನು ಕಾಗದಕ್ಕೆ ಇಳಿಸಿಕೊಂಡಿದ್ದ ಮಡಿಕೆ ಒಂದೇ. ಜಿಲ್ಲೆ ಬದಲಾದ ವರ್ಷದ್ದು. "ರಾತ್ರಿ ಬಳ್ಳಾರಿಯವರಾಗಿ ಮಲಗಿ ಬೆಳಗ್ಗೆ ಕರ್ನೂಲಿನವರಾಗಿ ಎದ್ದೆವು. ಕುರಿಗಳು ಎಂದಿನಂತೆ ಪಡುವಣಕ್ಕೇ ಮೇಯಲು ಹೋದವು" ಎಂದು ನಮ್ಮ ಮಾವ ಬರೆದದ್ದು. ಈ ಸಲ ಕಾಗದವನ್ನು ಒಲೆಗೆ ಹಾಕಲಿಲ್ಲ.

ಇನ್ನು ನೀನೇ ದಿಕ್ಕು. ನೀನು ಈ ಊರಲ್ಲೇ ಹುಟ್ಟಿದವಳು, ನಾನು ಸೊಸೆಯಾಗಿ ಬಂದವಳು. ಓದುವಾಗ ನೀನು ಯಾವಾಗಲೂ ಕಟ್ಟೆಯ ಮುಂದೆಯೇ ಕೂಡುತ್ತಿದ್ದೆ. ನಮ್ಮ ಮಾವ ಒಂದು ಮನೆಯ ಹೆಸರು ಬಿಟ್ಟರೆ, "ಹಿಂದಕ ಹೋಗ್ರಿ, ಒಂದು ಮನಿ ಬಿಟ್ರಿ" ಎಂದು ಗದರುತ್ತಿದ್ದೆ, ಅವರು ನಕ್ಕು ಹಿಂದೆ ಹೋಗುತ್ತಿದ್ದರು. ಜೋಳ ಬೀಸುವಾಗ ಆ ಹೆಸರುಗಳನ್ನೇ ಹಾಡಿನ ಹಾಗೆ ಹೇಳುತ್ತಿದ್ದೆ. ನಿನಗೆ ನೆನಪಿಲ್ಲ ಎಂದು ಮಾತ್ರ ಬರೆಯಬೇಡ. ಅರ್ಧ ನೆನಪಿದ್ದರೆ ಅರ್ಧವೇ ಬರೆಸು, ಅನುಮಾನವಿದ್ದಲ್ಲಿ ಅನುಮಾನ ಎಂದು ಬರೆಸು. ಬಾವಿಯದು, ಪ್ಲೇಗಿನದು ಆಮೇಲೆ. ಮೊದಲು ಹೆಸರುಗಳ ಮಡಿಕೆ. ಕೊಂಡಮ್ಮನ ಅಣ್ಣನಂಥವರು ಎಷ್ಟು ಜನರೋ, ಅವರಿಗೆ ಬೇರೆ ಯಾವ ಗುರುತೂ ಇಲ್ಲ. ಹೊಲವಿಲ್ಲ, ಸಮಾಧಿಯಿಲ್ಲ, ಫೋಟೋ ಇಲ್ಲ. ಇಡೀ ಊರು ಸತ್ತ ಮನೆಯಲ್ಲಿ ನಾನೊಬ್ಬಳೇ ಕುಳಿತ ಹಾಗಾಗಿದೆ.

ಸುಷ್ಮಿತಾಳ ಓದು ಮುಂದುವರಿಯಲಿ, ಅವಳ ಮಾತು ಎಲ್ಲಿಯೂ ತಡವರಿಸದಿರಲಿ. ನಿನ್ನ ಮನೆಯ ಒಲೆ ಬೆಚ್ಚಗಿರಲಿ, ನಿನ್ನ ಮಕ್ಕಳ ಮಂದೆ ಹೆಚ್ಚಲಿ. ನರಸಪ್ಪಮಾವನಿಗೆ ಊಟ ಹಾಕಿ ಕಳಿಸು, ಮಗಳ ಮನೆಯಲ್ಲಿ ಸಂಕೋಚದಿಂದ ಅರ್ಧ ಹೊಟ್ಟೆಗೆ ಏಳುತ್ತಾರೆ.

ನಿನ್ನವಳೇ ಆದ
ಶಾಂತಕ್ಕ

ಬರೆದು ಮುಗಿಸಿದ ಮೇಲೆ:

ಈ ಹಾಳೆಯನ್ನು ಸುಷ್ಮಿತಾಳಿಗೆ ತೋರಿಸಬೇಡ. ಓದಿ ಹರಿದುಹಾಕು.

ನಿನ್ನೆ ಮಧ್ಯಾಹ್ನ ಶ್ರಾವಣಿಯ ಅಣ್ಣ ಆಂಜಿನೇಯ ಆಕೆಯನ್ನು ಕರೆದೊಯ್ಯಲು ಬಂದ. "ಊರೆಲ್ಲ ನಮ್ಮ ಹುಡುಗೀನ ಆಡಿಕೊಳ್ಳಾಕ ಹತ್ಯಾರ, ಇನ್ನು ಇಲ್ಲಿ ಬಿಡಂಗಿಲ್ರಿ ಅತ್ತಿ" ಎಂದು ಆಟೋ ತರಲು ಹೋದ. ಆಕೆ ಒಲೆಯ ಹತ್ತಿರ ಬಂದು ನಿಂತಳು. "ತಿಳಿಯದೆ ಆದದ್ದು, ಹೋಗ್ಲಿ ಬಿಡವ್ವ" ಎಂದೆ.

"ತಿಳೀದನ ಮಾಡಿಲ್ಲ ಅತ್ತಿ. ಆ ಅಕ್ಷರ ನನಗ ಓದೋಕ ಬರ್ತದ. ಆತನೇ ಕಲಿಸಿದ್ದ."

ಒಂದು ಮಡಿಕೆ ಬಳಿಯಲು ಬಿಚ್ಚಿದಾಗ ಕೊನೆಯದು ಕಣ್ಣಿಗೆ ಬಿತ್ತಂತೆ. ನನ್ನ ಕೈಬರಹ, ಇನ್ನೂ ಬೆಳ್ಳಗೆ. ಮಡಿಕೆಯ ತಲೆಯಲ್ಲಿ "ಹೆಸರು ಹೇಳುವವರಿಲ್ಲದವರು" ಎಂದು, ಅದರ ಕೆಳಗೆ ತುದಿಯಲ್ಲಿ "ಕಂಬಳಿ ಮನೆಯ ಚಂದ್ರ" ಎಂದು.

"ನಾನು ಈ ಮನ್ಯಾಗ ಇದ್ದೆನಲ್ಲ ಅತ್ತಿ. ಪಕ್ಕದ ಖೋಲ್ಯಾಗ ಕುಂತಿದ್ದೆ. ನನ್ನ ಒಂದು ಮಾತು ಕೇಳಲಾರದಂಗ ಬರದ್ರಿ. ನಾ ಯಾರೂ ಅಲ್ಲೇನು? ಮೊದ್ಲು ಅದೊಂದೇ ಅಳಸಬೇಕಂತಿದ್ದೆ. ಅದೊಂದೇ ಅಳಿಸಿದ್ರ ನೀವು ಮತ್ತ ಬರೀತಿದ್ರಿ. ಆಮ್ಯಾಲ ಕೈ ನಿಲ್ಲಲಿಲ್ಲ."

ಹೆಂಡತಿ ಗಂಡನ ಹೆಸರು ಹೇಳಬಾರದು, ಆದ್ದರಿಂದ ಹೆಂಡತಿ ಇದ್ದರೂ ಲೆಕ್ಕಕ್ಕಿಲ್ಲ. ಹಾಗೆಂದು ನಾನು ಯೋಚಿಸಿ ಬರೆದದ್ದೂ ಅಲ್ಲ, ಎಲ್ಲರೂ ಬರೆಯುವ ಹಾಗೆ ಬರೆದೆ. ನಾನು ನಮ್ಮ ಮನೆಯವರ ಹೆಸರನ್ನು ಅವರು ಹೋದ ಮೇಲೂ ಬಾಯಿಬಿಟ್ಟು ಹೇಳಿದವಳಲ್ಲ.

ಆಟೋ ಬಂತು. ಆಕೆ ನನ್ನ ಕಾಲು ಮುಟ್ಟಿದಳು. ಹೊಸ್ತಿಲ ಮೇಲೆ ಕೊಂಡಮ್ಮ ಕುಳಿತಿದ್ದಳು, ಎದುರು ಮನೆಯವರೂ ನಿಂತಿದ್ದರು. ಆಕೆ ಹೊಸ್ತಿಲು ದಾಟುವ ಮೊದಲು ತಿರುಗಿ ನಿಂತು, ಮನೆಯ ಒಳಗೆ ನೋಡಿ, ಕರೆಯುವ ಹಾಗೆ, "ಚಂದ್ರಾ" ಎಂದಳು. ಮತ್ತೊಂದು ಸಲ, "ಚಂದ್ರಾ, ಹೋಗಿ ಬರ್ತೀನಿ." ಕೊಂಡಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಊರಿಗೆ ಈ ವಿಷಯ ಹೇಳುವುದಿಲ್ಲ. ಆಕೆಗೆ ಇನ್ನೂ ವಯಸ್ಸಿದೆ, ಅಣ್ಣ ಬೇರೆ ಮದುವೆ ಮಾಡಿಯೇ ಮಾಡುತ್ತಾನೆ, ಮಾಡಬೇಕು. ಇನ್ನೊಂದು ಮನೆ ಸೇರಿದ ಮೇಲೆ ಈ ಹೆಸರು ಆಕೆಯ ಬಾಯಲ್ಲಿ ಎಷ್ಟು ದಿನ ಇದ್ದೀತು, ನನಗೆ ತಿಳಿಯದು. ಆದರೂ ಶಿವಲಕ್ಷ್ಮಿ, ನಿನಗೆ ನೆನಪಿದ್ದ ಹೆಸರುಗಳನ್ನೆಲ್ಲ ಬರೆಸು, ಒಂದನ್ನೂ ಬಿಡಬೇಡ. ಚಂದ್ರನ ಹೆಸರು ಮಾತ್ರ ಅದರಲ್ಲಿ ಸೇರಿಸಬೇಡ.