ಮೈ ಮುಚ್ಚುವ ಸಡಿಲ ಉಡುಪು

ಮೇ 12, ಸೋಮವಾರ

ಗುಲ್ಜಾರ್ ಬೀ ಮನೆಗೇ ಬಂದು ಅಳತೆ ತೆಗೆದುಕೊಂಡು ಹೋದಳು. ಐದು ಕುರ್ತಾ, ಐದು ಪ್ಯಾಂಟು. ಎಲ್ಲಾ ಕಾಟನ್. ಲಾಡಿ ಬೇಡ, ಅಗಲದ ಇಲಾಸ್ಟಿಕ್ ಹಾಕು, ಅದೂ ಸಡಿಲ ಇರಲಿ ಅಂದೆ. ಟೇಪು ಹಿಡಿದ ಕೈ ಹೊಟ್ಟೆಯ ಹತ್ತಿರ ಒಂದು ಗಳಿಗೆ ನಿಂತಿತು. ಏನೂ ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಗರ್ಭಕೋಶ ತೆಗೆಸಿ ಇವತ್ತಿಗೆ ಇಪ್ಪತ್ತೆಂಟು ದಿನ. ಹೊಕ್ಕುಳಿಂದ ಕೆಳಕ್ಕೆ ಒಂದು ಗೇಣು ಹೊಲಿಗೆ. ಲಂಗದ ಲಾಡಿ ಕೂರುವುದು ಸರಿಯಾಗಿ ಅದರ ಮೇಲೆ. ಆರು ತಿಂಗಳು ಹೊಟ್ಟೆಗೆ ಏನೂ ಬಿಗಿಯಬೇಡಿ ಅಂದಿದ್ದಾರೆ ಡಾಕ್ಟರು. ಶಾಲೆಯಲ್ಲಿ ಲೇಡಿ ಟೀಚರ್‌ಗಳು ಸೀರೆಯನ್ನೇ ಉಡಬೇಕು. 29ಕ್ಕೆ ಶಾಲೆ ಶುರು.

ಎಲ್ಲರಿಗೂ ಅಪೆಂಡಿಕ್ಸ್ ಅಂತ ಹೇಳಿದ್ದೇನೆ. ಎರಡು ವರ್ಷದ ಹಿಂದೆ ಹಿಂದಿ ಟೀಚರ್‌ಗೆ ಇದೇ ಆಪರೇಷನ್ ಆದಾಗ ಸ್ಟಾಫ್ ರೂಮಿನಲ್ಲಿ ಏನೇನು ಮಾತು... ಇನ್ನು ಗಂಡನ ಗತಿಯೇನು ಅಂತ ಒಬ್ಬರು ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ಇಲ್ಲಿ ಬರೆದರೆ ಭಯವಿಲ್ಲ. ಈ ಮನೆಯಲ್ಲಿ ಕನ್ನಡ ಪುಸ್ತಕ ಬಿಡಿಸುವವಳು ನಾನೊಬ್ಬಳೇ.

ಮೇ 15, ಗುರುವಾರ. ಮಧ್ಯಾಹ್ನ

ದಿವ್ಯ ಫೋನ್ ಮಾಡಿದ್ದಳು. ಸೈನ್ಸ್ ಟೀಚರ್, ದಿನಾ ಅಕ್ಕೂರಿಂದ ಬಸ್ಸಿನಲ್ಲಿ ರಾಮನಗರಕ್ಕೆ ಬಂದುಹೋಗುವವಳು. ನನಗೆ ಅಲ್ಲಿ ಗೆಳತಿ ಅಂತ ಇರುವವಳು ಅವಳೊಬ್ಬಳೇ.

"ಮಿಸ್, ಈ ವರ್ಷನಾದ್ರೂ ಚೂಡಿದಾರ್‌ಗೆ ಪರ್ಮಿಷನ್ ಕೇಳ್ಬುಡಮ. ಬಸ್ಸಲ್ಲಿ ಸೆರಗು ಹಿಡ್ಕಳದಾ, ಕಂಬಿ ಹಿಡ್ಕಳದಾ? ನೀವು ಬರೀರಿ, ನಾವೆಲ್ಲ ಸೈನ್ ಹಾಕ್ತೀವಿ."

ನನಗೆ ಬೇಕಾದ್ದನ್ನು ಅವಳೇ ಕೇಳಿದಳು. ಒಂಬತ್ತು ಜನ ಲೇಡಿ ಟೀಚರ್‌ಗಳೂ ಒಟ್ಟಿಗೆ ಕೇಳಿದರೆ ನನ್ನ ಹೊಟ್ಟೆಯ ಸುದ್ದಿಯೇ ಏಳುವುದಿಲ್ಲ. ಫೋನ್ ಇಟ್ಟು ಸುಮ್ಮನೆ ನಗು ಬಂತು. ನಕ್ಕರೂ ಹೊಲಿಗೆ ಎಳೆಯುತ್ತದೆ.

ಮೇ 19, ಸೋಮವಾರ

ಮನವಿ ಬರೆದೆ. ಅರ್ಧ ಪುಟಕ್ಕೆ ಎರಡು ಗಂಟೆ. ಬಸ್ಸು, ಮಹಡಿ ಮೆಟ್ಟಿಲು, ದಿನಕ್ಕೆ ಆರು ಪಿರಿಯಡ್ ನಿಲ್ಲುವುದು — ಎಲ್ಲಾ ಹಾಕಿದೆ. ಸಿಕ್ಕಿಹಾಕಿಕೊಂಡದ್ದು ಒಂದೇ ಕಡೆ. ಮನವಿ ಪತ್ರದಲ್ಲಿ "ಚೂಡಿದಾರ್" ಅಂತ ಬರೆಯುವುದು ಕನ್ನಡ ಟೀಚರ್‌ಗೆ ಶೋಭೆಯೇ? ಅದೂ ಅಲ್ಲದೆ ಶಾಲಾ ಕಮಿಟಿಯವರೆಲ್ಲ ವಯಸ್ಸಾದವರು. ಲೆಗ್ಗಿಂಗ್ಸು, ಜೀನ್ಸು ಅಂದುಕೊಂಡು ಬೆಚ್ಚಿಬೀಳಬಾರದು. ಕೊನೆಗೆ ಹೊಳೆಯಿತು — "ಮೈ ಮುಚ್ಚುವ ಸಡಿಲ ಉಡುಪು ಧರಿಸಲು ಅನುಮತಿ ನೀಡಬೇಕಾಗಿ ವಿನಂತಿ."

ಒಳ್ಳೆಯ ವಾಕ್ಯ. ಮರ್ಯಾದೆಯೂ ಇದೆ, ತೂಕವೂ ಇದೆ. ಮೊದಲ ಸೈನ್ ನನ್ನದು. ಮಿಕ್ಕವರದ್ದು ಅಡ್ಮಿಷನ್ ಡ್ಯೂಟಿ ದಿನ ದಿವ್ಯ ಹಾಕಿಸುತ್ತಾಳೆ.

ಮೇ 28, ಬುಧವಾರ

ಬಟ್ಟೆ ಬಂತು. ಬೂದು, ಕಡುಹಸಿರು, ನೇರಳೆ, ಎರಡು ಬಿಳಿ ಗೆರೆಯವು. ಕೇಳದಿದ್ದರೂ ಒಂದೊಂದಕ್ಕೂ ಜೇಬು ಇಟ್ಟಿದ್ದಾಳೆ ಗುಲ್ಜಾರ್ ಬೀ. ಸೀಮೆಸುಣ್ಣ, ಫೋನು ಎರಡೂ ಹಿಡಿಯುತ್ತವೆ. ಹಾಕಿಕೊಂಡು ಮನೆಯೆಲ್ಲಾ ಓಡಾಡಿದೆ. ಬಗ್ಗಿದೆ. ಕೈ ಎತ್ತಿ ಗೋಡೆಯ ಮೇಲೆ ಬರೆದಂತೆ ಮಾಡಿದೆ. ಎಲ್ಲೂ ಒತ್ತುವುದಿಲ್ಲ. ಒಂದೂವರೆ ತಿಂಗಳಲ್ಲಿ ಮೊದಲ ಸಲ ಮೈ ನನ್ನದು ಅನ್ನಿಸಿತು.

ಒಂಬತ್ತೂ ಸೈನ್ ಆಗಿ ಮನವಿ ಎಚ್.ಎಂ. ಕೈ ಸೇರಿ ಐದು ದಿನ. "ಬ್ಯಾಡ ಅಂದಿಲ್ವಲ್ಲ ಮಿಸ್, ನಾಳೆ ಎಲ್ರೂ ಚೂಡಿದಾರಲ್ಲೇ ಬತ್ತೀವಿ," ಅಂದಳು ದಿವ್ಯ.

ಮೇ 29, ಗುರುವಾರ

ಎಂಟು ಸೀರೆ. ಒಂದು ಕುರ್ತಾ.

ಸ್ಟಾಫ್ ರೂಮಿನಲ್ಲಿ ಬುರ್ಖಾ ಕಳಚಿ ಮೊಳೆಗೆ ಹಾಕಿ ತಿರುಗಿದೆ. ದಿವ್ಯ ನೀಲಿ ಸೀರೆಯಲ್ಲಿ ಕೂತು ಖಾಲಿ ಹಾಜರಿ ಪುಸ್ತಕ ನೋಡುತ್ತಿದ್ದಳು. ಪ್ರೇಯರ್ ಮುಗಿದ ಮೇಲೆ ಎಚ್.ಎಂ. ದೇವರಾಜು ಕರೆಸಿದರು. ಮೇಜಿನ ಮೇಲೆ ನನ್ನ ಮನವಿ. "ಮೈ ಮುಚ್ಚುವ" ಅನ್ನುವುದರ ಕೆಳಗೆ ಕೆಂಪು ಗೆರೆ.

"ನಂಗೇನೂ ಇಲ್ಲ ಮೇಡಂ. ಕಮಿಟಿಯೋರು ಕೇಳ್ತಾವ್ರೆ, ಇದು ಬುರ್ಖಾ ಅರ್ಜಿ ಅಲ್ವಾ ಅಂತ. ನಿಮ್ಮೋರ್ದು ನಿಮ್ಗೆ, ಸರಿ. ಮಿಕ್ಕಿದ್ ಟೀಚರ್ಸ್ ಕೈಲಿ ಯಾಕ್ ಸೈನ್ ಹಾಕ್ಸುದ್ರಿ?"

"ಸಾರ್, ಚೂಡಿದಾರ್‌ನ ಕನ್ನಡದಲ್ಲಿ ಬರೆದಿದ್ದೀನಿ, ಅಷ್ಟೆ."

"ಹಂಗಂತ ಎಲ್ಲೈತೆ ಇದ್ರಲ್ಲಿ?"

ಎಲ್ಲೂ ಇಲ್ಲ. ಎರಡು ಗಂಟೆ ಕೂತು ನಾನೇ ತೆಗೆದದ್ದು. ಮತ್ತೆ ಎಂಟು ಚೀಟಿ ತೋರಿಸಿದರು. ನಿನ್ನೆ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿದ್ದರಂತೆ, ಬೆಳಿಗ್ಗೆ ಬಂದು ಬರೆದುಕೊಟ್ಟಿದ್ದಾರೆ. ಎಂಟರಲ್ಲೂ ಒಂದೇ ಮಾತು — ಓದದೆ ಸಹಿ ಹಾಕಿರುತ್ತೇನೆ. ದಿವ್ಯಳ ಚೀಟಿಯಲ್ಲಿ "ಓದದೆ" ಬದಲು "ಒದದೆ" ಅಂತಿತ್ತು. ತಿದ್ದಬೇಕು ಅನ್ನಿಸಿತು.

ಹದಿನಾಲ್ಕು ವರ್ಷ ಇದೇ ಮೊಳೆಗೆ ಬುರ್ಖಾ ನೇತುಹಾಕಿ ಸೀರೆಯಲ್ಲಿ ಪಾಠ ಮಾಡಿದ್ದೇನೆ. ಈ ಮಕ್ಕಳಿಗೆ ಹಳಗನ್ನಡ ಬಾಯಿಪಾಠ ಮಾಡಿಸಿದ್ದೇನೆ. ಒಂದು ವಾಕ್ಯಕ್ಕೆ ಎಲ್ಲಾ ತೊಳೆದುಹೋಯಿತು. ಹೊಟ್ಟೆ ಉರಿಯುತ್ತಿದೆ. ಹೊಲಿಗೆಯಿಂದಲ್ಲ.

ಮೇ 31, ಶನಿವಾರ

ನಿನ್ನೆ ಸೀರೆ. ಇವತ್ತೂ ಸೀರೆ. ಲಾಡಿ ಸಡಿಲ ಕಟ್ಟಿದರೆ ನೆರಿಗೆ ಜಾರುತ್ತದೆ. ಎರಡನೇ ಪಿರಿಯಡ್ ಅಷ್ಟೊತ್ತಿಗೆ ಬಿಗಿ ಮಾಡಲೇಬೇಕಾಯಿತು. ಮನೆಗೆ ಬಂದು ನೋಡಿದರೆ ಲಂಗ ಒದ್ದೆ. ಹೊಲಿಗೆಯ ಒಂದು ತುದಿ ಬಿಚ್ಚಿಕೊಂಡು ನೀರು ಒಸರುತ್ತಿದೆ.

ನನ್ನ ಗಂಡ ನಿಯಾಜ್ ರೇಷ್ಮೆ ರೀಲಿಂಗ್ ಕೆಲಸ ಮುಗಿಸಿ ಬಂದವರು ನೋಡಿ ಕೂಗಾಡಿದರು. ಡಾಕ್ಟರ್ ಚೀಟಿ ಕೊಟ್ಟು ಬಾ, ಇಲ್ಲಾ ಕೆಲಸ ಬಿಡು, ಮುಚ್ಚಿಡುವುದಕ್ಕೆ ಅದೇನು ಕಳ್ಳಮಾಲೇ ಅಂತ. ಗಂಡಸರಿಗೆ ಹೇಳುವುದು ಸುಲಭ. ಅವರ ಗರ್ಭಕೋಶದ ಬಗ್ಗೆ ಯಾರು ನಗುತ್ತಾರೆ.

ಕೆಲಸ ಬಿಡುವುದಿಲ್ಲ. ಅದೊಂದು ಗ್ಯಾರಂಟಿ.

ಜೂನ್ 3, ಮಂಗಳವಾರ. ಸಂಜೆ

ಸರ್ಟಿಫಿಕೇಟ್ ಕೊಟ್ಟೆ. ಕವರಿನಲ್ಲಿಟ್ಟು, ಅಂಟಿಸಿ, "ವೈಯಕ್ತಿಕ" ಅಂತ ಬರೆದು.

ಎಚ್.ಎಂ. ಅದನ್ನು ಹಿಡಿದುಕೊಂಡೇ ಲಂಚ್ ಹೊತ್ತಿಗೆ ಸ್ಟಾಫ್ ರೂಮಿಗೆ ಬಂದರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಕೂಡಿಸಿ — "ಹಿಸ್... ಹಿಸ್ಟ... ದಿವ್ಯಾ ಮೇಡಂ, ನೀವ್ ಸೈನ್ಸ್‌ನೋರು, ಇದೇನ್ ಬರ್ದವ್ರೆ ಒಸಿ ನೋಡಿ."

ದಿವ್ಯ ಓದಿದಳು. ನನ್ನ ಮುಖ ನೋಡಿದಳು. ಅವಳು ಗೊತ್ತಿಲ್ಲ ಅನ್ನಬಹುದಿತ್ತು.

"ಗರ್ಭಕೋಶ ತೆಗ್ದವ್ರೆ ಸಾರ್."

ಎಲ್ಲರ ಕೈ ಊಟದ ಡಬ್ಬಿಯಲ್ಲೇ ನಿಂತಿತು. ಎಚ್.ಎಂ. ಮುಖ ಮಾತ್ರ ಅರಳಿತು. "ಅಷ್ಟೇನಾ? ಮೊದ್ಲೇ ಹೇಳ್ಬಾರ್ದಾ ಮೇಡಂ. ನಾವು ಏನೇನೋ ಅನ್ಕಂಬುಟ್ಟೊ."

ಅಷ್ಟೇ ಅಂತೆ. ನನ್ನ ಹೊಟ್ಟೆ ಖಾಲಿ ಅಂತ ಗೊತ್ತಾಗಿ ಅವರಿಗೆ ನೆಮ್ಮದಿ.

ಜೂನ್ 4, ಬುಧವಾರ

ಪರ್ಮಿಷನ್ ಸಿಕ್ಕಿತು. ನನಗೊಬ್ಬಳಿಗೆ, ಆರು ತಿಂಗಳು. ದಿವ್ಯ ಕಾರಿಡಾರಿನಲ್ಲಿ ಅಡ್ಡ ನಿಂತಳು. "ನಂಗಾದ್ರೂ ಹೇಳ್ಬಾರ್ದಿತ್ತಾ ಮಿಸ್? ಗೊತ್ತಿದ್ರೆ ಆ ಚೀಟಿ ಬರ್ಕೊಡ್ತಿರ್ಲಿಲ್ಲ."

"ಬುರ್ಖಾಕ್ಕೆ ಅಂದ್ರೆ ಬರ್ಕೊಡಬಹುದು, ಕಾಯಿಲೆಗೆ ಅಂದ್ರೆ ಬರ್ಕೊಡಬಾರದು, ಅಲ್ವಾ?" ಅಂದೆ. ಅವಳು ಅತ್ತಳು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಅಂತ ಮಾತ್ರ ಬೇಜಾರಾಯಿತು.

ಶಾಲೆಯ ಸೂಚನೆಗಳನ್ನೆಲ್ಲ ಬರೆಯುವವಳು ನಾನೇ. ಹಾಗಾಗಿ ಇದನ್ನೂ ನಾನೇ ಬರೆಯಬೇಕು. ಕಮಿಟಿಯವರ ಗ್ರೂಪಿಗೂ, ಪೇರೆಂಟ್ಸ್ ಗ್ರೂಪಿಗೂ ಹೋಗುತ್ತದಂತೆ. "ಅನಾರೋಗ್ಯದ ಕಾರಣ" ಅಂತ ಬರೆದುಕೊಟ್ಟೆ. ಎಚ್.ಎಂ. ಹೊಡೆದುಹಾಕಿ ವಾಪಸ್ ಕೊಟ್ಟರು.

"ಅನಾರೋಗ್ಯ ಅಂದ್ರೆ ಯಾರೂ ನಂಬಲ್ಲ ಮೇಡಂ. ಏನು ಅಂತ ಬಿಡ್ಸಿ ಬರ್ದ್ಬುಡಿ. ಇಲ್ದಿದ್ರೆ ಪೇರೆಂಟ್ಸು ಬೇರೆ ಥರ ತಿಳ್ಕತಾರೆ. ನಿಮ್ ಒಳ್ಳೇದಕ್ಕೇ ಹೇಳ್ತಿರೋದು."

ನಾಳೆ ಬೆಳಿಗ್ಗೆ ಕೊಡಬೇಕು.

ಜೂನ್ 5, ಗುರುವಾರ. ಬೆಳಿಗ್ಗೆ 6.30

ಮೊದಲು ಇಲ್ಲಿ ಬರೆದು ನೋಡುತ್ತೇನೆ. ತಪ್ಪಿಲ್ಲದೆ ಇರಬೇಕು. ಈ ಸಲ ಎಲ್ಲವೂ ಸ್ಪಷ್ಟವಾಗಿರಬೇಕು.

ಸೂಚನೆ. ನಮ್ಮ ಶಾಲೆಯ ಕನ್ನಡ ಶಿಕ್ಷಕಿ ಶ್ರೀಮತಿ ಫಿರೋಜಾ ಅವರಿಗೆ ಆರು ತಿಂಗಳ ಅವಧಿಗೆ ಸೀರೆಯಿಂದ ವಿನಾಯಿತಿ ನೀಡಲಾಗಿದೆ. ಇದಕ್ಕೆ ಧಾರ್ಮಿಕ ಕಾರಣ ಇರುವುದಿಲ್ಲ. ಸದರಿಯವರ ಗ