ಅಪ್ಪ ಖಾಲಿ ಬಿಟ್ಟ ಬೆಂಚು

ಹಾರ್ಲೆಮ್,
9 ಅಕ್ಟೋಬರ್ 1664

ಪ್ರೀತಿಯ ತಮ್ಮ ವೌಟರ್,

ಹೇಗಿದ್ದೀಯೋ? ಬಟಾವಿಯದ ಬಿಸಿಲಿಗೆ ನಿನ್ನ ಮೂಗಿನ ಸಿಪ್ಪೆ ಸುಲಿದಿರಬೇಕು. ಜ್ವರಗಿರ ಏನೂ ಇಲ್ಲ ತಾನೆ? ಹಿಂದಿನ ಹಡಗಿಗೆ ಹಾಕಿದ ಕಾಗದ ನಿನ್ನ ಕೈ ಸೇರುತ್ತದೋ ಇಲ್ಲವೋ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ: ಪ್ಲೇಗಿನಲ್ಲಿ ಅಮ್ಮ ಹೋಗಿ ಇವತ್ತಿಗೆ ಏಳು ವಾರ. ಇದನ್ನು ಎರಡೆರಡು ಸಲ ಬರೆಯುವ ಹಣೆಬರಹ ಯಾರಿಗೂ ಬೇಡ.

ಅಪ್ಪ ನಮ್ಮ ಬೀದಿಯ ಚಿತ್ರ ಬರೆಯುತ್ತಿದ್ದಾರೆ. ಒಂದೊಂದು ಇಟ್ಟಿಗೆಯೂ ಇದೆ, ಚರ್ಚಿನ ನೆರಳು ಬೀಳಬೇಕಾದಲ್ಲೇ ಬಿದ್ದಿದೆ, ಜನ ಮಾತ್ರ ಒಬ್ಬರೂ ಇಲ್ಲ. ಮನೆಗಳನ್ನು ಅಪ್ಪ ಬರೆಯುವುದು, ಜನರನ್ನು ನೀನು ತುಂಬುವುದು, ಹಾಗೇ ಅಲ್ಲವೇ ನಮ್ಮ ಕಸುಬು ನಡೆದದ್ದು? ನೀನು ಅಪ್ಪನ ಮೇಲೆ ಮುನಿಸಿಕೊಂಡು ಹಡಗು ಹತ್ತಿದ ಮೇಲೆ ಬಂದ ಗಿರಾಕಿಯೊಬ್ಬ, "ಏನ್ ಯಜಮಾನ್ರೇ, ನಿಮ್ಮೂರೋರೆಲ್ಲ ಎಲ್ಲಿಗೆ ಗುಳೆ ಹೋದ್ರು?" ಎಂದು ನಕ್ಕಿದ್ದ. ಈಗ ಕಿಟಕಿಯ ಹೊರಗೂ ಹಾಗೇ ಇದೆ. ಎದುರು ಸಾಲಿನ ಆರು ಬಾಗಿಲಿಗೆ ರೋಗದ ಮನೆಯೆಂದು ಹುಲ್ಲಿನ ಕಟ್ಟು ತೂಗುಹಾಕಿದ್ದಾರೆ. ನಮ್ಮದನ್ನು ಹೋದ ವಾರ ಬಿಚ್ಚಿದರು.

ಜನರನ್ನು ಬರೆಯಲು ಬೇರೆಯವರನ್ನು ಕರೆಸೋಣವೆಂದೆ. "ಬೇಡ ಕಣೇ. ನಂಗೆ ಇಟ್ಟಿಗೆ ಬರುತ್ತೆ, ಮುಖ ಬರಲ್ಲ. ನಿಮ್ಮಮ್ಮನ್ನ ಕೂರಿಸೋಕೆ ಅವನೇ ಬರ್ಲಿ," ಎಂದರು. ಚಿತ್ರದಲ್ಲಿ ನಮ್ಮ ಬಾಗಿಲ ಪಕ್ಕದ ಬೆಂಚನ್ನು ಖಾಲಿ ಬಿಟ್ಟಿದ್ದಾರೆ. ಪ್ರತಿ ಚಿತ್ರದಲ್ಲೂ ನೀನು ಅಮ್ಮನನ್ನು ಎಲ್ಲಾದರೂ ನುಸುಳಿಸುತ್ತಿದ್ದೆ, ನೆನಪಿದೆಯಾ? "ನನ್ನ ಮೂಗು ಅಷ್ಟುದ್ದ ಇದ್ಯೇನೋ ಕತ್ತೆ!" ಎಂದು ಅವಳು ಬೈಯುತ್ತಿದ್ದಳು. ಆ ಚಿತ್ರಗಳೆಲ್ಲ ಮಾರಿಹೋದವು. ಮನೆಯಲ್ಲಿ ಅವಳ ಒಂದು ಮುಖವೂ ಉಳಿದಿಲ್ಲ. ಕಣ್ಣು ಮುಚ್ಚಿದರೆ ನನಗೆ ಅವಳ ಟೋಪಿ ಕಾಣುತ್ತದೆ, ಅದರ ಕೆಳಗೆ ಏನೂ ಕಾಣುವುದಿಲ್ಲ. ಹೆದರಿಕೆಯಾಗುತ್ತದೆ ಕಣೋ. ಅಪ್ಪನ ಸಿಟ್ಟು ಎಂದೋ ಇಳಿದಿದೆ. ಮುಂದಿನ ಹಡಗಿಗೆ ಬಂದುಬಿಡು.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಆಲ್ಟಿ

ಇನ್ನೊಂದು ಮಾತು, ಮಂಗಳವಾರ: ಅಪ್ಪ ಭಾನುವಾರ ಹೋದರು. ಹುಲ್ಲಿನ ಕಟ್ಟು ಮತ್ತೆ ನಮ್ಮ ಬಾಗಿಲಿಗೆ ಬಂದಿದೆ. ಬೆಳಗ್ಗೆಯಿಂದ ನನ್ನ ಕಂಕುಳಲ್ಲೂ ಗಂಟು. ಮೇಲೆ ಬರೆದದ್ದನ್ನು ಮರೆತುಬಿಡು, ಬರಬೇಡ. ಈ ಕಾಗದ ಸಿಕ್ಕ ದಿನವೇ ಅಮ್ಮನನ್ನು ಒಂದು ಚೂರು ಹಲಗೆಯ ಮೇಲಾದರೂ ಬರೆದು ನಿನ್ನ ಹತ್ತಿರವೇ ಇಟ್ಟುಕೋ. ಇಲ್ಲಿಗೆ ಕಳಿಸಬೇಡ, ಬಾಗಿಲು ತೆರೆಯಲು ಯಾರೂ ಇರುವುದಿಲ್ಲ. ಮೂಗು ಉದ್ದವಾದರೂ ಪರವಾಗಿಲ್ಲ.