ಅಜ್ಜಿಯ ಮುಖ

ಪ್ರೀತಿಯ ಅಣ್ಣ,

ಮುರಿದ ಕೈ ಈಗ ಹೇಗಿದೆ? ನೀನು ಅರ್ಧಕ್ಕೆ ಬಿಟ್ಟಿದ್ದ ಅಜ್ಜಿಯ ಮುಖವಾಡವನ್ನು ನಾನೇ ಕೆತ್ತಿ ಮುಗಿಸಿದೆ, ಬೈಯಬೇಡ. ಮುಖವೇ ಇಲ್ಲದಿದ್ದರೆ ತೀರಿಹೋದವರು ಹಿರಿಯರ ಹಬ್ಬದ ಕುಣಿತಕ್ಕೆ ಬರುವುದಾದರೂ ಹೇಗೆ?

ಆದರೆ ಉಳಿ ಜಾರಿ ತುಟಿ ಸೊಟ್ಟಗಾಯಿತು. ಹೆದರುತ್ತಲೇ ಅತ್ತೆಗೆ ಕೊಟ್ಟೆ. ಅವರು ಬಹಳ ಹೊತ್ತು ಆ ತುಟಿ ಸವರಿದರು. "ನಮ್ಮವ್ವ ನಗ್ತಿದ್ದದ್ದೇ ಹೀಗೆ ಕಣೇ, ಒಂದು ಕಡೆಗೆ. ನಿಮ್ಮಣ್ಣ ಕೆತ್ತಿದ್ರೆ ಮೇಷ್ಟ್ರ ಥರ ಗಂಭೀರವಾಗಿರ್ತಿದ್ಲು!" ಅಂದರು.

ಚಿಕ್ಕಪ್ಪ ಅದನ್ನು ಮುಖಕ್ಕೆ ಕಟ್ಟಿಕೊಂಡು ಕುಣಿಯಲು ಅಂಗಳಕ್ಕೆ ಇಳಿದಾಗ ಅತ್ತೆ "ಬಾ ಅವ್ವಾ" ಎಂದು ಕೈಚಾಚಿದರು. ಆಮೇಲೆ ಯಾರ ಕಣ್ಣೂ ಒಣಗಿರಲಿಲ್ಲ.

ಪೂರ್ತಿ ವಾಸಿಯಾಗದೆ ಬರಬೇಡ. ನಿನ್ನ ಉಳಿಗಳಿಗೆಲ್ಲ ಎಣ್ಣೆ ಸವರಿಟ್ಟಿದ್ದೇನೆ. ಅವುಗಳಲ್ಲಿ ಚಿಕ್ಕದೊಂದನ್ನು ನಾನು ಇಟ್ಟುಕೊಳ್ಳಲಾ?

ನಿನ್ನ ತಂಗಿ,
ಪುಟ್ಟಿ